ಚಾಡಿಕೋರ ಗೆಜ್ಜೆ

ನಾನು ಒಂದು ಬೆಳ್ಳಿಯ ಗೆಜ್ಜೆ. 'ಒಂದು' ಅಂದರೆ ಅರ್ಧ ಮಾತಾಯಿತು. ನನಗೊಬ್ಬಳು ತಂಗಿ ಇದ್ದಾಳೆ. ಅವಳು ಬಲಗಾಲಿನವಳು, ನಾನು ಎಡಗಾಲಿನವಳು. ಅವಳಿಗೆ ಮಾತು ಜಾಸ್ತಿ, ನನಗೆ ಅನುಮಾನ ಜಾಸ್ತಿ.

ನಾವು ಹುಟ್ಟಿದ್ದು ಹಾನಗಲ್ಲಿನ ಪತ್ತಾರ ಮೌನೇಶಪ್ಪನ ಅಂಗಡಿಯಲ್ಲಿ. ಹುಟ್ಟುವ ಮೊದಲು ಯಾವುದೋ ಮುದುಕಿಯ ಸೊಂಟದ ಡಾಬು ಆಗಿದ್ದೆವಂತೆ. ಆ ಜನ್ಮ ನನಗೆ ನೆನಪಿಲ್ಲ. ಬೆಂಕಿ ನೆನಪಿದೆ, ಮೂಸೆ ನೆನಪಿದೆ, ಸಣ್ಣ ಸುತ್ತಿಗೆ ನೆನಪಿದೆ. ಮೌನೇಶಪ್ಪ ಕೊಂಡಿಗೆ ಕೊಂಡಿ ಸೇರಿಸಿ, ಗುಂಡುಗುಂಡಾಗಿ ನಮ್ಮ ಗೆಜ್ಜೆಬಾಯಿ ಬಿಡಿಸುತ್ತಿದ್ದಾಗ ಎದುರಿಗೆ ಒಬ್ಬಾಕೆ ಕಾಲು ಮಡಚಿ ಕೂತಿದ್ದಳು. ಮಗನ ಮದುವೆಗೆಂದು ಸೊಸೆಗೆ ಗೆಜ್ಜೆ ಮಾಡಿಸಲು ಬಂದವಳು.

"ಸಣ್ಣ ಸಪ್ಪಳದ್ದು ಬ್ಯಾಡ ಮೌನೇಶಪ್ಪಾ," ಅಂದಳು ಆಕೆ. "ಅಡಿಗಿಮನ್ಯಾಗ ಹೆಜ್ಜಿ ಇಟ್ರ ಪಡಸಾಲ್ಯಾಗ ಕುಂತಾಕಿಗೆ ಕೇಳಬೇಕು."

"ಅಂದ್ರ ಸೊಸಿಗೆ ಗೆಜ್ಜಿ ಅಲ್ಲ, ನಿಮಗ ಕಿವಿ ಮಾಡಸಾಕತ್ತೀರಿ," ಅಂದು ಮೌನೇಶಪ್ಪ ನಕ್ಕ. ನಕ್ಕು, ಒಂದೊಂದು ಗೆಜ್ಜೆಯ ಹೊಟ್ಟೆಗೂ ಒಂದೊಂದು ಉಕ್ಕಿನ ಕಾಳು ಹಾಕಿ ಬಾಯಿ ಬಿಗಿದ. ಹೀಗೆ ಹುಟ್ಟುವಾಗಲೇ ಅನುಮಾನ ನನ್ನ ಹೊಟ್ಟೆಯಲ್ಲಿ ಕಾಳಾಗಿ ಕೂತಿತು. ಉಳಿದ ಆಭರಣಗಳು ಚೆಂದ ಕಾಣಲು ಹುಟ್ಟುತ್ತವೆ. ನಾನು ಚಾಡಿ ಹೇಳಲು ಹುಟ್ಟಿದೆ.

ಮನುಷ್ಯರ ಮುಖವನ್ನು ನಾನು ಅಷ್ಟಾಗಿ ನೋಡಿದವಳಲ್ಲ, ಹಿಮ್ಮಡಿ ನೋಡಿದವಳು. ಮುಖ ಸುಳ್ಳು ಹೇಳುವುದನ್ನು ಬೇಗ ಕಲಿಯುತ್ತದೆ, ಹಿಮ್ಮಡಿ ಕಲಿಯಲು ತಡ. ನಾನು ನೋಡಿದ ಮೊದಲ ಹಿಮ್ಮಡಿ ಆ ಮನೆಯ ಹೊಸ ಸೊಸೆ ಸಾತವ್ವನದು. ಮೆತ್ತಗೆ, ಹೆದರಿಕೊಂಡು, ನೆಲಕ್ಕೆ ಕ್ಷಮೆ ಕೇಳುವಂತೆ ನಡೆಯುತ್ತಿತ್ತು. ಆದರೆ ಆಕೆ ಬಲು ಜಾಣೆ. ವರ್ಷ ಕಳೆಯುವುದರೊಳಗೆ ಬೆರಳ ತುದಿಯಲ್ಲಿ ನಿಂತು, ಕಾಲನ್ನು ಹೂವಿನಂತೆ ಎತ್ತಿ ಇಟ್ಟು, ನಾವು ಉಸಿರೆತ್ತದಂತೆ ಉಗ್ರಾಣಕ್ಕೆ ಹೋಗಿ ಬೆಲ್ಲ ತಿಂದು ಬರುವುದನ್ನು ಕಲಿತಳು. ಅತ್ತೆ ತೀರಿಕೊಂಡ ಮೇಲೆ ನಮ್ಮನ್ನು ಬಿಚ್ಚಿ, "ಸಾಕವ್ವಾ ನಿಮ್ಮ ಚಾಕರಿ" ಅಂದು ಟ್ರಂಕಿನ ತಳಕ್ಕೆ ಹಾಕಿದಳು. ಅಲ್ಲಿ ನುಸಿಗುಳಿಗೆಯ ವಾಸನೆಯಲ್ಲಿ ನಾವು ಕಪ್ಪಾದೆವು.

ಆದರೆ ಸೊಸೆಯಾಗಿದ್ದಾಗ ಶಪಿಸಿದ ಗೆಜ್ಜೆಯನ್ನೇ ಅತ್ತೆಯಾದ ದಿನ ಸಾತವ್ವ ಹುಡುಕಿ ತೆಗೆದಳು. ಹುಣಸೆಹಣ್ಣು ಹಚ್ಚಿ ತಿಕ್ಕಿ ಹೊಳಪಿಸಿ, ಮಗ ಶಿವಪುತ್ರನ ಹೆಂಡತಿ ಕಸ್ತೂರಿಯ ಕಾಲಿಗೆ ತನ್ನ ಕೈಯಾರೆ ಕಟ್ಟಿದಳು.

ಕಸ್ತೂರಿಯ ಹಿಮ್ಮಡಿ ಬೇರೆಯೇ ಆಗಿತ್ತು. ಕೆಳಗೆ ಗಟ್ಟಿ, ಮೇಲೆ ನರಗಳು ತಂತಿಯ ಹಾಗೆ. ಈ ಕಾಲು ನಡೆಯಲು ಹುಟ್ಟಿದ್ದಲ್ಲ ಎಂದು ಮೊದಲ ದಿನವೇ ನನಗೆ ಸಂಶಯ ಬಂತು. ಶಾಲೆಯಲ್ಲಿದ್ದಾಗ ತಾಲ್ಲೂಕಿಗೆಲ್ಲ ಓಡಿ ಗೆದ್ದವಳಂತೆ. ಮದುವೆಯಾದ ಮೇಲೆ ಆಕೆ ಓಡಿದ್ದು ಹಾಲು ಉಕ್ಕಿದಾಗ ಮಾತ್ರ. ಮಧ್ಯಾಹ್ನ ಹೊಲಿಗೆ ಮಷಿನ್ನಿನ ಪಕ್ಕ ಅಡ್ಡಾದಾಗ ಜೊಂಪಿನಲ್ಲೇ ಅವಳ ಕಾಲು ಜಿಗಿಯುತ್ತಿತ್ತು, ನಾವು ಝಲ್ಲೆನ್ನುತ್ತಿದ್ದೆವು.

"ಯಾರ ಬೆನ್ನ ಹತ್ತೀದಿ ಮಾರಾಯ್ತಿ ಕನಸಿನ್ಯಾಗ?" ಎಂದು ಶಿವಪುತ್ರ ನಗುತ್ತಿದ್ದ. ಆತ ಒಳ್ಳೆಯ ಮನುಷ್ಯ. ಔಷಧಿ ಅಂಗಡಿಯಲ್ಲಿ ಕೆಲಸ. ಬಸ್ಸು ಹೊರಟರೂ ಹಿಡಿಯಲು ಓಡದವನು. "ಇನ್ನೊಂದ ಬರ್ತೈತಿ" ಅನ್ನುವುದು ಅವನ ಜೀವನದ ಧರ್ಮ.

ಅವರ ಮಗಳು ವರದಾ. ವರದಾ ನದಿಯ ಹೆಸರಿಟ್ಟರೆ ಹುಡುಗಿ ತಣ್ಣಗೆ ಹರಿದುಕೊಂಡಿರುತ್ತಾಳೆ ಅಂದುಕೊಂಡಿದ್ದರೋ ಏನೋ. ಅವಳು ಮಳೆಗಾಲದ ವರದೆಯಾದಳು. ಎಂಟು ವರ್ಷದವಳಿದ್ದಾಗ ಶಾಲೆಯ ಓಟದಲ್ಲಿ ಸ್ಟೀಲಿನ ಡಬ್ಬಿ ಗೆದ್ದು ತಂದಳು. ಪಿ.ಟಿ. ಮಾಸ್ತರರು ಮನೆಗೇ ಬಂದು, "ಹುಡುಗಿ ದಿನಾ ಓಡಬೇಕ್ರಿ, ಬಿಡಬ್ಯಾಡ್ರಿ" ಅಂದರು. ಆಗ ಕಸ್ತೂರಿಯ ಹಿಮ್ಮಡಿ ನೆಲದಿಂದ ಒಂದು ಕಾಳಿನಷ್ಟು ಮೇಲೆದ್ದಿದ್ದನ್ನು ನಾನೊಬ್ಬಳೇ ಕಂಡೆ.

"ಕೆರಿ ಕಡೆ ಹುಡುಗೀನ ಒಬ್ಬಾಕಿನ್ನ ಹ್ಯಾಂಗ ಕಳಸೂದ್ರಿ ಅತ್ತೀ?" ಅಂದಳು ಕಸ್ತೂರಿ, ಬೇಸರಪಟ್ಟುಕೊಂಡವರ ದನಿಯಲ್ಲಿ. "ಜೋಡಿ ನಾನಽ ಹೋಗಬೇಕಾಕ್ಕೈತಿ. ಏನ್ ಮಾಡೂದು."

ಸಾತವ್ವ ಎಲೆಅಡಿಕೆ ಜಗಿಯುತ್ತ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. "ಹುಡುಗಿ ಸಲುವಾಗಿ ಅಂದ್ರ ಹೋಗು," ಅಂದಳು.

ಮರುದಿನ ಮುಂಜಾನೆಯೇ ಆನೆಕೆರೆಯ ಏರಿಯ ಮೇಲೆ ತಾಯಿ ಮಗಳ ಓಟ ಶುರುವಾಯಿತು. ಕಸ್ತೂರಿ ಗಂಡನ ಹಳೇ ಪ್ಯಾಂಟು ತೊಟ್ಟು, ಅಂಗಿ ಮೇಲೊಂದು ಸ್ವೆಟರು ಹಾಕಿ, ಕಣ್ಣೆರಡು ಬಿಟ್ಟು ಮುಖವೆಲ್ಲ ಸ್ಕಾರ್ಫಿನಲ್ಲಿ ಸುತ್ತಿದ್ದಳು. ನಮ್ಮನ್ನು ಬಿಚ್ಚಿ ವರದಾಳ ಎಳೆಯ ಕಾಲಿಗೆ ಎರಡು ಸುತ್ತು ದಾರ ಹಾಕಿ ಬಿಗಿದಿದ್ದಳು. ಅದಕ್ಕೊಂದು ಕಾರಣವಿತ್ತು. ಓಡುವವರು ಹಿಂದಕ್ಕೆ ತಿರುಗಿ ನೋಡಬಾರದು ಎಂಬುದು ಅವಳ ಹಟ. ಮುಂದೆ ತಾನು ಓಡುವುದು, ಹಿಂದೆ ಮಗಳು. ಗೆಜ್ಜೆಯ ಸದ್ದು ಹತ್ತಿರ ಬಂದರೆ ಹುಡುಗಿ ಹುಮ್ಮಸ್ಸಿನಲ್ಲಿದ್ದಾಳೆ, ವೇಗ ಹೆಚ್ಚಿಸಬಹುದು. ದೂರವಾದರೆ ದಣಿದಿದ್ದಾಳೆ, ನಿಧಾನಿಸಬೇಕು. ನಿಂತರೆ ಬಿದ್ದಿದ್ದಾಳೆ. ಹೀಗೆ ಬೆನ್ನಿಗೇ ಕಣ್ಣು ಬಂದಂತೆ ಕಸ್ತೂರಿ ಓಡುತ್ತಿದ್ದಳು.

ನನ್ನ ಬಾಳಿನ ಸುಖದ ದಿನಗಳು ಯಾವುವು ಅಂದರೆ ಅವೇ. ಏರಿಯ ಕರಿಮಣ್ಣು, ನೀರಿನ ಮೇಲಿನ ಮಂಜು, ಬಕಗಳ ತಪಸ್ಸು, ಮಧ್ಯದಲ್ಲಿ ನಮ್ಮ ಝಲ್ ಝಲ್. ಹಿಡಿದು ಕೊಡಲೆಂದು ಹುಟ್ಟಿದ್ದ ನಾವು ಅಲ್ಲಿ ತಾಯಿಗೂ ಮಗಳಿಗೂ ನಡುವೆ ಕಟ್ಟಿದ ಹಗ್ಗವಾಗಿದ್ದೆವು. ಮನೆಗೆ ಮರಳುವಾಗ ಇಬ್ಬರೂ ಏದುಸಿರಿನಲ್ಲಿ ಸುಮ್ಮಸುಮ್ಮನೆ ನಗುತ್ತಿದ್ದರು. ಹೊಸ್ತಿಲು ದಾಟುವಾಗ ಮಾತ್ರ ಕಸ್ತೂರಿ ನಗೆಯನ್ನು ಸ್ಕಾರ್ಫಿನ ಜೊತೆ ಬಿಚ್ಚಿಟ್ಟು, "ಉಸ್ಸಪ್ಪಾ, ಈ ಹುಡುಗಿ ಕಾಲಾಗ ಸಾಕಾಗಿ ಹೋತು" ಅನ್ನುತ್ತಿದ್ದಳು. ಸಾತವ್ವ ಎಲೆಗೆ ಸುಣ್ಣ ಹಚ್ಚುತ್ತ ಅವಳ ಕಾಲು ನೋಡುತ್ತಿದ್ದಳು.

ಹುಡುಗಿಗೆ ಹದಿನೈದು ತುಂಬಿತು. ಹದಿನೈದು ಅನ್ನುವುದು ವಯಸ್ಸಲ್ಲ, ಒಳಗಿನಿಂದ ಚಿಲಕ ಹಾಕಿದ ಬಾಗಿಲು. ಮಾತು ಕೇಳಿದರೆ "ಹೂಂ", ಊಟಕ್ಕೆ ಕರೆದರೆ "ಸಾಕು", ಎಲ್ಲಿ ಹೋಗಿದ್ದೆ ಅಂದರೆ "ಇಲ್ಲೇ". ಕಸ್ತೂರಿಗೆ ಎಲ್ಲದರಲ್ಲೂ ಸಂಶಯ ಬರತೊಡಗಿತು. ಕನ್ನಡಿಯ ಮುಂದೆ ನಿಂತರೂ ಅನುಮಾನ, ನಿಲ್ಲದಿದ್ದರೂ ಅನುಮಾನ.

ಅದೇ ಹೊತ್ತಿಗೆ ಪಿ.ಟಿ. ಮಾಸ್ತರರು ಮತ್ತೆ ಮನೆಗೆ ಬಂದರು. ದೂರದ ಊರಿನ ಕ್ರೀಡಾ ಹಾಸ್ಟೆಲಿಗೆ ವರದಾಳನ್ನು ತೆಗೆದುಕೊಳ್ಳುವರಂತೆ. ಅಲ್ಲೇ ಓದು, ಅಲ್ಲೇ ಊಟ, ದಿನಾ ಎರಡು ಹೊತ್ತು ಓಟದ ತರಬೇತಿ. ಮನೆಯವರು ಒಪ್ಪಬೇಕು, ಅಷ್ಟೇ. ಶಿವಪುತ್ರ ಹೆಂಡತಿಯ ಕಡೆ ನೋಡಿದ. ಕಸ್ತೂರಿ ಮಗಳ ಕಡೆ ನೋಡಿದಳು. ಮಗಳು ನೆಲ ನೋಡಿದಳು. ನೆಲದಲ್ಲಿ ನಾನಿದ್ದೆ.

"ಕೆರಿ ಮ್ಯಾಲೆ ನನ್ನ ದಾಟಿ ತೋರ್ಸು," ಅಂದಳು ಕಸ್ತೂರಿ. "ಯಾವತ್ತ ದಾಟ್ತಿ, ಅವತ್ತ ನಾನಽ ಟ್ರಂಕ್ ಕಟ್ಟಿ ಬಸ್ ಹತ್ತಸ್ತೇನಿ. ಮೂರು ಹೊತ್ತು ರೊಟ್ಟಿ ಬಡಿಯೋ ನನ್ನಂಥಾಕಿನ್ನ ದಾಟಲಾರದಾಕಿ ಅಲ್ಲಿ ಹೋಗಿ ಯಾರನ್ನ ದಾಟ್ತಿ?"

ಆ ತಿಂಗಳು ಮುಗಿಯುವುದರೊಳಗೆ ಹಾಸ್ಟೆಲಿಗೆ ಉತ್ತರ ಹೇಳಬೇಕಿತ್ತು.

ಮರುದಿನದಿಂದ ಕೆರೆಯ ಮೇಲೆ ವಿಚಿತ್ರವೊಂದು ನಡೆಯಿತು. ಕಸ್ತೂರಿ ಜೋರಾಗಿ ಓಡಿದರೂ ನಮ್ಮ ಸದ್ದು ಅಷ್ಟೇ ದೂರ. ಮೆಲ್ಲಗೆ ಓಡಿದರೂ ಅಷ್ಟೇ ದೂರ. ಹತ್ತಿರವೂ ಇಲ್ಲ, ದೂರವೂ ಇಲ್ಲ. ನೆರಳಿಗೆ ಗೆಜ್ಜೆ ಕಟ್ಟಿದ ಹಾಗೆ. ದಣಿದವರು ಹೀಗೆ ಓಡುವುದಿಲ್ಲ, ಹುರುಪಿನಲ್ಲಿದ್ದವರೂ ಹೀಗೆ ಓಡುವುದಿಲ್ಲ. ಏನೋ ಮುಚ್ಚಿಡುವವರು ಹೀಗೆ ಓಡುತ್ತಾರೆ. ನನಗೆ ಗೊತ್ತಾಗಿತ್ತು. ಕಸ್ತೂರಿಯ ಬೆನ್ನಿಗೂ ಗೊತ್ತಾಗತೊಡಗಿತ್ತು.

"ಕಾಲಿಗೆ ಏನಾರ ಆಗೈತೇನ?"

"ಇಲ್ಲ."

"ಮನಸ್ಸಿಗೆ?"

"ಇಲ್ಲವ್ವಾ."

"ಮತ್ತ ಯಾರಿಗೆ ಏನಾಗೈತಿ?"

"ಹೂಂ," ಅಂದಳು ವರದಾ. ಹದಿನೈದರ ಉತ್ತರ.

ಪರೀಕ್ಷೆ ಹತ್ತಿರ ಬಂದಿತ್ತು. ಸಂಜೆ ಶಾಲೆಯಿಂದ ಬಂದ ಮೇಲೆ ವರದಾ ಹಿತ್ತಲಲ್ಲಿ ಅತ್ತಿಂದಿತ್ತ ನಡೆಯುತ್ತ ಓದುತ್ತಿದ್ದಳು. ಒಳಗೆ ಕಸ್ತೂರಿ ಮಷಿನ್ ತುಳಿಯುತ್ತ ಜಂಪರು ಹೊಲಿಯುತ್ತಿದ್ದಳು. ನಾವು ಝಲ್ ಅಂದಷ್ಟು ಹೊತ್ತು ಮಗಳು ಹಿತ್ತಲಲ್ಲಿದ್ದಾಳೆ ಎಂದು ಅವಳ ಎದೆ ತಣ್ಣಗಿರುತ್ತಿತ್ತು.

ಹಿತ್ತಲ ಪೇರಲ ಗಿಡಕ್ಕೆ ಸಾತವ್ವನ ಆಡನ್ನು ಉದ್ದ ಹಗ್ಗದಲ್ಲಿ ಕಟ್ಟಿರುತ್ತಿದ್ದರು. ಅವಳ ಚಹಾಕ್ಕೆ ಆಡಿನ ಹಾಲೇ ಆಗಬೇಕು. ಒಂದು ಸಂಜೆ ವರದಾ ಪುಸ್ತಕ ಮಡಚಿಟ್ಟು, ನಮ್ಮಿಬ್ಬರನ್ನೂ ಬಿಚ್ಚಿ, ಆಡಿನ ಮುಂದಿನ ಎರಡು ಕಾಲಿಗೆ ಕಟ್ಟಿದಳು. ಆಚೆ ಮೂಲೆಯಲ್ಲಿ ಹಸಿ ಸೊಪ್ಪು ತೂಗುಹಾಕಿದಳು, ಈಚೆ ಮೂಲೆಯಲ್ಲಿ ನೀರಿನ ಬೋಗುಣಿ ಇಟ್ಟಳು. ಹಿತ್ತಲ ಗೇಟು ತೆಗೆದು ಬರಿಗಾಲಲ್ಲಿ ಮಾಯವಾದಳು.

ನನ್ನ ಅವಮಾನವನ್ನು ಏನೆಂದು ಹೇಳಲಿ! ಅಜ್ಜಿಯರ ಕಥೆಯಲ್ಲಿ ರಾಜಕುಮಾರಿ ಶಾಪದಿಂದ ಗಿಳಿಯಾಗುತ್ತಾಳೆ, ಹೂವಾಗುತ್ತಾಳೆ. ನಾನು ಆಡಿನ ಗೊರಸಿನ ಮೇಲೆ ಕೂತು, ಸಗಣಿಹುಳದ ಪಕ್ಕದಲ್ಲಿ, ರಾಜಕುಮಾರಿಯಂತೆ ಸದ್ದು ಮಾಡಬೇಕಾಯಿತು. ಆಡು ಸೊಪ್ಪಿಗೆ ಹೋಗುವುದು, ನೀರಿಗೆ ಬರುವುದು. ಸೊಪ್ಪಿಗೆ, ನೀರಿಗೆ. ಒಳಗೆ ಕಸ್ತೂರಿ, "ಜೋರಾಗಿ ಓದಽ, ಕೇಳ್ಲಿ" ಅಂದಳು. ಆಡು ಸೊಪ್ಪು ಜಗಿಯುತ್ತಿತ್ತು. ಪುಣ್ಯಕ್ಕೆ ಬಾಯಿ ತೆರೆಯಲಿಲ್ಲ.

ಹೀಗೆ ಕೆಲವು ಸಂಜೆ ನಡೆಯಿತು. ಆದರೆ ಓಟಗಾರ್ತಿಯ ಕಿವಿಗೆ ಮೋಸ ಎಷ್ಟು ದಿನ? ಒಂದು ಸಂಜೆ ಮಷಿನ್ನಿನ ಗಾಲಿ ತಟ್ಟನೆ ನಿಂತಿತು. ಝಲ್ ಝಲ್ ಅನ್ನುವ ನಡುವೆ ಇರಬೇಕಾದ ಬಿಡುವು ತಪ್ಪಿತ್ತು. ಅದು ಎರಡು ಕಾಲಿನವರ ತಾಳವಲ್ಲ. ಕಸ್ತೂರಿ ಹಿತ್ತಲಿಗೆ ಬಂದಳು. ಆಡೂ ಅವಳೂ ಒಬ್ಬರನ್ನೊಬ್ಬರು ನೋಡಿದರು.

"ಅತ್ತೀ!" ಎಂದು ಕೂಗಿದಳು. ಸಾತವ್ವ ಮಂಡಿ ಹಿಡಿದುಕೊಂಡು ಬಂದು ನೋಡಿ, "ಆತು ಬಿಡು," ಅಂದಳು, "ನಮ್ಮ ಆಡೂ ಎಸ್ಸೆಸ್ಸೆಲ್ಸಿಗೆ ಕುಂತೈತಿ."

"ನಗಬ್ಯಾಡ್ರಿ. ಹುಡುಗಿ ಎಲ್ಲಿ ಹೋಗ್ಯಾಳ? ಯಾರ ಜೋಡಿ ಹೋಗ್ಯಾಳ?"

"ಕೂಗಿ ಕೇಳಿದ್ರ ಹೇಳ್ತಾಳನು? ಗೆಜ್ಜಿ ಬಿಚ್ಚಿಟ್ಟು ಹೋದಾಕಿನ್ನ ಗೆಜ್ಜಿ ಇಲ್ದಾನ ಹುಡುಕಬೇಕು," ಅಂದಳು ಸಾತವ್ವ. ಬೆರಳ ತುದಿಯಲ್ಲಿ ನಡೆದು ಬೆಲ್ಲ ತಿಂದವಳ ಮಾತು.

ಆ ಸಂಜೆ ಕಸ್ತೂರಿ ಬಾಯಿ ಬಿಡಲಿಲ್ಲ. ವರದಾ ಬಂದು ನಮ್ಮನ್ನು ಮತ್ತೆ ಕಟ್ಟಿಕೊಂಡಾಗ ಅವಳ ಕಣಕಾಲು ಬಿಸಿಯಾಗಿತ್ತು, ಬೆವರಿನ ಉಪ್ಪಿನಿಂದ ಅಂಟುತ್ತಿತ್ತು. ಯಾರನ್ನೋ ಭೇಟಿಯಾಗಿ ಬಂದವರ ಕಾಲು ಹೀಗಿರುತ್ತದೆಯೇ? ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ಗೊತ್ತಾಗುವವರೆಗೆ ನನಗೆ ನಿದ್ದೆ ಬರುವುದಿಲ್ಲ.

ಮರುದಿನ ವರದಾ ಗೇಟು ದಾಟಿದ ಕೂಡಲೇ ಕಸ್ತೂರಿ ಹಿತ್ತಲಿಗೆ ಬಂದಳು. ಆಡಿನ ಎಡಗಾಲಿನಿಂದ ನನ್ನೊಬ್ಬಳನ್ನೇ ಬಿಚ್ಚಿದಳು. ತಂಗಿ ಅಲ್ಲೇ ಉಳಿದಳು. ಹುಟ್ಟಿದ ಮೇಲೆ ನಾವು ಬೇರೆಯಾಗಿದ್ದು ಅದೇ ಮೊದಲು. ಹಗ್ಗದ ಕೊನೆಯಲ್ಲಿ ಅವಳ ಒಂಟಿ ಸದ್ದು ಕೇಳುತ್ತಿದ್ದಂತೆ ನಾನು ಕಸ್ತೂರಿಯ ಮುಷ್ಟಿಯಲ್ಲಿ ಹೊರಬಿದ್ದೆ. ಕಾಲಿಗೆ ಕಟ್ಟಲಿಲ್ಲ, ಸದ್ದಾದೀತೆಂದು. ಹಿಂದೆ ಬಿಟ್ಟೂ ಬರಲಿಲ್ಲ. ಸಿಕ್ಕಿಬಿದ್ದಾಗ ಹುಡುಗಿಯ ಮುಖಕ್ಕೆ ಹಿಡಿಯಬೇಕಲ್ಲ.

ಮಗಳ ಬರಿಗಾಲಿನ ಗುರುತು ಕೆರೆಯ ಕಡೆಗೆ ಹೋಗಿತ್ತು. ಕೆರೆಯ ಏರಿಯ ಕೆಳಗೆ, ಹುಣಸೆಮರದ ಬುಡದಲ್ಲಿ ಒಬ್ಬ ನಡುವಯಸ್ಸಿನ ಮನುಷ್ಯ ಗಾಳ ಹಾಕಿ ಕೂತಿದ್ದ. ಸೀರೆ ಸೆರಗು ತಲೆಗೆ ಹೊದ್ದು ಕಸ್ತೂರಿ ಅವನ ಹಿಂದೆ ನಿಂತಳು.

"ಯಾರನ್ನ ನೋಡಾಕತ್ತೀಯಪಾ ಇಲ್ಲಿ ಕುಂತು?"

"ಮೀನ ನೋಡಾಕತ್ತೇನ್ರಿ ಅಕ್ಕಾರ."

"ಇಲ್ಲೊಬ್ಬಾಕಿ ಹುಡುಗಿ ಬರ್ತಾಳೇನು? ಯಾರಾರ ಹುಡುಗ್ರು ಇರ್ತಾರೇನು ಜೋಡಿ?"

"ಹುಡುಗ್ರು? ಆಕಿ ಜೋಡಿ ನಾಯಿ ಸೈತ ಇರೂದಿಲ್ರಿ. ಅಗೋ, ಬಂದ್ಲು ನೋಡ್ರಿ. ಆಕಿ ಬಂದ್ಲಂದ್ರ ನೆಲ ಗುದ್ದಿ ನನ್ನ ಮೀನೆಲ್ಲಾ ಹೋಗ್ತಾವು."

ಏರಿಯ ಮೇಲೆ ವರದಾ ಓಡುತ್ತಿದ್ದಳು. ಅದು ನಾವು ಬೆಳಿಗ್ಗೆ ಕಂಡ ಓಟವಲ್ಲ. ಹಿಮ್ಮಡಿ ಮಣ್ಣಿಗೆ ತಾಗುತ್ತಲೇ ಇರಲಿಲ್ಲ. ಜಡೆ ಬೆನ್ನಿನ ಮೇಲೆ ಬೀಳಲು ಸಮಯ ಸಾಲದೆ ಗಾಳಿಯಲ್ಲೇ ಮಲಗಿತ್ತು. ಬಕಗಳು ಎದ್ದು ಹಾರಿ ಅವಳ ಜೊತೆ ಒಂದಷ್ಟು ದೂರ ಹೋಗಿ ಸೋತು ತಿರುಗಿದವು.

ಗಾಳದವನು ತಲೆಯಾಡಿಸಿದ. "ಒಂದ ಮಾತ ತಿಳಿಯೂದಿಲ್ರಿ ಅಕ್ಕಾರ. ಮುಂಜಾನೆ ಒಬ್ಬಾಕಿ ಬರ್ತಾಳ, ಪ್ಯಾಂಟ್ ಹಾಕ್ಕೊಂಡು ಮಾರಿಗೆ ಅರಿವಿ ಸುತಗೊಂಡು. ಆಕಿ ಹಿಂದ ಈ ಹುಡುಗಿ ಆಮಿ ಹಾಂಗ ಬರ್ತಾಳ. ಒಂದ ದಿನ ದಾಟಲಿಲ್ಲ ನೋಡ್ರಿ. ಆಕಿ ಯಾರೋ ಭಾಳ ದೊಡ್ಡ ಓಟಗಾರ್ತಿ ಇರಬೇಕು."

ಕಸ್ತೂರಿಯ ಮುಷ್ಟಿ ಬಿಗಿಯಾಯಿತು. ನನ್ನ ಗೆಜ್ಜೆಗಳ ಗುರುತು ಅವಳ ಅಂಗೈಯಲ್ಲಿ ಸಾಲಾಗಿ ಮೂಡಿತು. ಒಬ್ಬ ಹುಡುಗನನ್ನು ಹಿಡಿದಿದ್ದರೆ ಬೈದು ಹಗುರಾಗುತ್ತಿದ್ದಳು. ಈಗ ಯಾರನ್ನು ಬೈಯಬೇಕು? ಮಗಳು ತನಗೆ ಸೋಲುತ್ತಿರಲಿಲ್ಲ, ಗೆಲುವನ್ನು ಭಿಕ್ಷೆ ಹಾಕುತ್ತಿದ್ದಳು. ಯಾಕೆ? ಹಾಸ್ಟೆಲಿಗೆ ಹೆದರಿಯೇ? ಮನೆ ಬಿಡಲಾರದೆಯೇ? ಅಥವಾ ಅವ್ವ ಅಂದರೆ ಅಯ್ಯೋ ಪಾಪ ಅನ್ನುವ ಕನಿಕರವೇ? ಈ ಕೊನೆಯ ಅನುಮಾನ ಬಂದ ಕೂಡಲೇ ಅವಳು ನನ್ನನ್ನು ಇನ್ನೂ ಬಿಗಿಯಾಗಿ ಹಿಡಿದಳು. ಹುಡುಗಿಗಿಂತ ಮೊದಲು ಮನೆ ಸೇರಿ ನನ್ನನ್ನು ಮತ್ತೆ ಆಡಿನ ಕಾಲಿಗೇ ಕಟ್ಟಿದಳು.

ಬೆಳಗಾಯಿತು. ಎಂದಿನಂತೆ ಸ್ಕಾರ್ಫು, ಎಂದಿನಂತೆ ಏರಿ. ಕಸ್ತೂರಿ ಓಟ ಶುರುಮಾಡಿ, ಅರ್ಧ ಏರಿ ಕಳೆದ ಮೇಲೆ ವೇಗ ತಗ್ಗಿಸಿದಳು. ಹಿಂದೆ ವರದಾಳೂ ತಗ್ಗಿಸಿದಳು. ಕಸ್ತೂರಿ ಇನ್ನೂ ನಿಧಾನವಾದಳು. ವರದಾಳೂ. ಓಟ ನಡಿಗೆಯಾಯಿತು. ನಡಿಗೆ ದೇವರ ಗುಡಿಯ ಸುತ್ತಿನಷ್ಟು ಮೆಲ್ಲಗಾಯಿತು. ಪೆನ್ಷನ್ನಿನ ಇಬ್ಬರು ಹಿರಿಯರು ಕೋಲೂರುತ್ತ ಇಬ್ಬರನ್ನೂ ದಾಟಿಹೋದರು. "ಏನ್ರವಾ, ಇವತ್ತ ಹಿಂದ ಉಳಿದಾಕಿಗೆ ಬಹುಮಾನೇನು?" ಎಂದು ಒಬ್ಬರು ಕೇಳಿದರು. ತಾಯಿ ಮಗಳಿಬ್ಬರೂ ನಗಲಿಲ್ಲ. ಕೊನೆಗೆ ಕಸ್ತೂರಿ ನಿಂತೇಬಿಟ್ಟಳು. ಅವಳ ಹಿಂದೆ, ಯಾವಾಗಲೂ ಇರುವಷ್ಟೇ ದೂರದಲ್ಲಿ ನಾವೂ ನಿಂತೆವು.

"ದಾಟು," ಅಂದಳು ಕಸ್ತೂರಿ, ತಿರುಗದೆ.

"ದಾಟಂಗಿಲ್ಲ."

"ನಿಂತಾಕಿನ್ನ ದಾಟಾಕ ಏನ್ ಧಾಡಿ? ಹೋಗ್ಲಿ, ಕುಂದರ್ತೇನಿ. ಕುಂತಾಕಿನ್ನರ ದಾಟು," ಅಂದವಳೇ ಕರಿಮಣ್ಣಿನ ಮೇಲೆ ಕೂತುಬಿಟ್ಟಳು.

ವರದಾಳೂ ಕೂತಳು.

"ಆಡಿಗೆ ಗೆಜ್ಜಿ ಕಟ್ಟಾಕಿ ನೀನು. ನಿನ್ನೆ ನಾ ಎಲ್ಲಾ ನೋಡೇನಿ," ಅಂದಳು ಕಸ್ತೂರಿ. "ನನಗ ಸೋತು ಪುಣ್ಯಾ ಕಟಗೋಬೇಕಾಗಿತ್ತೇನ? ನಿನ್ನ ಕರುಣಾ ಯಾರು ಕೇಳಿದ್ರು?"

"ಕರುಣಾ ಅಲ್ಲವ್ವಾ."

"ಮತ್ತ?"

ವರದಾ ನನ್ನ ಒಂದು ಗೆಜ್ಜೆಯನ್ನು ಉಗುರಿನಿಂದ ಕೆದರಿದಳು. ಹದಿನೈದರ ಬಾಗಿಲ ಚಿಲಕ ಒಳಗೆ ಸರಿದ ಸದ್ದು ನನಗೆ ಕೇಳಿಸಿತು.

"ನಾ ಹಾಸ್ಟೆಲಿಗೆ ಹೋದ ಮ್ಯಾಲೆ," ಅಂದಳು, "ನೀ ಯಾರ ಹೆಸರಿಲೆ ಹೊರಬೀಳ್ತಿ?"

ಕಸ್ತೂರಿ ಆಗ ಹಿಂದಕ್ಕೆ ತಿರುಗಿ ನೋಡಿದಳು. ಅಷ್ಟು ವರ್ಷಗಳ ಓಟದಲ್ಲಿ ಏರಿಯ ಮೇಲೆ ತಿರುಗಿ ನೋಡಿದ್ದು ಅದೇ ಮೊದಲು.

"ದಿನಾ ಅಜ್ಜಿ ಮುಂದ 'ಹುಡುಗಿ ಸಲುವಾಗಿ' ಅಂತಿ. 'ಕಾಲಾಗ ಸಾಕಾತು' ಅಂತಿ. ಇಲ್ಲಿ ಬಂದ್ರ ನಗ್ತಿ. ನಾ ಇರಲಿಲ್ಲ ಅಂದ್ರ ನೀ ಮತ್ತ ಮಷಿನ್ ಮುಂದ ಕುಂದರ್ತಿ. ಮಲಕೊಂಡಾಗ ಕಾಲ ಒದರ್ತಿ. ನನಗ ಗೊತ್ತೈತಿ."

ಕೆರೆಯಲ್ಲಿ ಮೀನೊಂದು ಮಗುಚಿತು. ಕಸ್ತೂರಿಯ ಸ್ಕಾರ್ಫು ಕಣ್ಣಿನ ಕೆಳಗೆ ಒದ್ದೆಯಾಗಿತ್ತು. ಬೆವರೋ ಏನೋ ಅಂದುಕೊಳ್ಳಲು ಅಂದು ಬೆವರುವಷ್ಟು ಯಾರೂ ಓಡಿರಲಿಲ್ಲ.

"ಓಡ್ತೇನಿ," ಅಂದಳು. "ನೀ ಇದ್ರೂ, ಇರದಿದ್ರೂ."

"ಖರೇನ?"

"ನನ್ನ ಮ್ಯಾಲೆ ಅನುಮಾನೇನ? ಹಂಗಾರ ಆ ಗೆಜ್ಜಿ ಬಿಚ್ಚಿ ಇಲ್ಲಿ ತಾ. ನಾ ಕಟಗೊಂಡು ಓಡ್ತೇನಿ. ಫೋನಿನ್ಯಾಗ ಕೇಳಸ್ತೇನಿ. ಈಗ ದಾಟು, ಎದ್ದು."

ವರದಾ ನಮ್ಮನ್ನು ಬಿಚ್ಚಿಕೊಟ್ಟು, ಬರಿಗಾಲಲ್ಲಿ ಎದ್ದು, ತಾಯಿಯನ್ನು ದಾಟಿ, ಏರಿಯ ಆಚೆ ತುದಿಯವರೆಗೆ ಹೋಗಿಯೇ ತಿರುಗಿದಳು. ಕಸ್ತೂರಿಯ ಮಡಿಲಲ್ಲಿ ನಾವಿಬ್ಬರೂ ಉಸಿರು ಹಿಡಿದು ಕೂತಿದ್ದೆವು. ಆ ಮಳೆಗಾಲದ ಮೊದಲೇ ಟ್ರಂಕು ಕಟ್ಟಲಾಯಿತು. ಶಿವಪುತ್ರ ಬಸ್ಸಿನವರೆಗೆ ಟ್ರಂಕು ಹೊತ್ತು, ಜೀವನದಲ್ಲಿ ಮೊದಲ ಸಲ ಬಸ್ಸಿನ ಹಿಂದೆ ನಾಲ್ಕು ಹೆಜ್ಜೆ ಓಡಿದ.

ಮಗಳು ಹೋದ ಮರುದಿನ ಕಸ್ತೂರಿ ನಸುಕಿನಲ್ಲೇ ಎದ್ದು ನಮ್ಮನ್ನು ಕಟ್ಟಿಕೊಂಡಳು. ಪ್ಯಾಂಟು ತೊಟ್ಟಳು. ಬಾಗಿಲವರೆಗೆ ಬಂದಳು. ಪಡಸಾಲೆಯಲ್ಲಿ ಸಾತವ್ವ ಎಚ್ಚರವಾಗಿ ಕೂತಿದ್ದಳು. ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. 'ಹುಡುಗಿ ಸಲುವಾಗಿ' ಎಂಬ ಮಾತು ಕಸ್ತೂರಿಯ ಬಾಯಿವರೆಗೆ ಬಂದು, ಹುಡುಗಿಯೇ ಇಲ್ಲವೆಂದು ನೆನಪಾಗಿ, ಹಿಂದಕ್ಕೆ ಹೋಯಿತು. ಅವಳು ಕಸಬರಿಗೆ ತೆಗೆದುಕೊಂಡು ಅಂಗಳ ಗುಡಿಸಿದಳು. ಪ್ಯಾಂಟು ತೊಟ್ಟು ಅಂಗಳ ಗುಡಿಸಿದ ಸೊಸೆಯನ್ನು ಓಣಿಯೇ ನೋಡಿತು. ಮರುದಿನ ಪ್ಯಾಂಟೂ ತೊಡಲಿಲ್ಲ.

ಭಾನುವಾರ ಮುಂಜಾನೆ ಹಾಸ್ಟೆಲಿನಲ್ಲಿ ಹುಡುಗಿಯರ ಕೈಗೆ ಫೋನು ಕೊಡುತ್ತಿದ್ದರು. ಫೋನು ಬಂದ ಕೂಡಲೇ ಕಸ್ತೂರಿ ನಮ್ಮನ್ನು ಕೈಯಲ್ಲಿ ಹಿಡಿದು ಹಿತ್ತಲ ಕಟ್ಟೆಯ ಮೇಲೆ ಕೂತಳು. ಝಲ್ ಝಲ್ ಅಲ್ಲಾಡಿಸಿದಳು. "ಹಾಂ... ಏರಿ... ಮ್ಯಾಲೆ... ಇದ್ದೇನಿ," ಎಂದು ಏದುಸಿರು ಬಿಟ್ಟಳು. ಆಡಿನ ಕಾಲಿಗಿಂತ ಕೀಳಾದ ಜಾಗ ಜಗತ್ತಿನಲ್ಲಿ ಇಲ್ಲವೆಂದು ತಿಳಿದಿದ್ದೆ. ಇತ್ತು.

ಎರಡನೆಯ ಭಾನುವಾರವೂ ಹೀಗೇ ಆಯಿತು. ಮೂರನೆಯ ಭಾನುವಾರ ಆಚೆಯ ದನಿ ಅಂದಿತು: "ಅವ್ವಾ, ಇದು ಕಾಲಿನ ಸಪ್ಪಳ ಅಲ್ಲ. ಕೈಯಾಗಿಂದು."

"ಏನ್ ಹುಚ್ಚಿ, ಓಡಾಕತ್ತೇನಿ ನಾ—"

ಪೇರಲ ಗಿಡದ ಕೆಳಗಿನಿಂದ "ಮ್ಯಾ..." ಅಂದಿತು ಆಡು.

"ಕೆರಿ ಏರಿಗೆ ನಮ್ಮ ಆಡು ಯಾವಾಗ ಬಂತವ್ವಾ?"

ಕಸ್ತೂರಿಯ ಕೈ ನಿಂತಿತು. ನಾವೂ ನಿಂತೆವು.

"ನಾಳಿನ ಬಸ್ಸಿಗೆ ನಾ ಬರ್ತೇನಿ," ಅಂದಳು ವರದಾ. ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಸಮಾಧಾನ ಮಾಡಬಹುದಿತ್ತು. "ನಾ ಖರೇ ಓಡೂದು, ನೀ ಸುಳ್ಳ ಓಡೂದು, ಇದ್ಯಾವ ನ್ಯಾಯ? ಮುಂದಿನ ವಾರ ಇಲ್ಲಿ ಒಂದ ಓಟ ಐತಿ. ನಾ ಓಡೂದಿಲ್ಲ. ಟ್ರಂಕ್ ಕಟ್ತೇನಿ."

"ಬ್ಯಾಡ," ಅಂದಳು ಕಸ್ತೂರಿ. "ತಡಿ. ಫೋನ್ ಇಡಬ್ಯಾಡ."

ಅವಳು ಕಟ್ಟೆಯ ಮೇಲೆ ಕೂತೇ ನಮ್ಮನ್ನು ಒಂದೊಂದಾಗಿ ಕಾಲಿಗೆ ಹಾಕಿ ಕೊಂಡಿ ಒತ್ತಿದಳು. ಎದ್ದು ಒಳಗೆ ಹೋಗಿ ಪ್ಯಾಂಟು ತೊಟ್ಟಳು. ಸ್ಕಾರ್ಫು ಕೈಗೆತ್ತಿಕೊಂಡು, ಯಾಕೋ ಮತ್ತೆ ಗೂಟಕ್ಕೇ ಹಾಕಿದಳು. ಫೋನನ್ನು ಕೈಯಲ್ಲಿ ಹಾಗೇ ಹಿಡಿದು ಪಡಸಾಲೆಗೆ ಬಂದಳು.

ಸಾತವ್ವ ತಲೆಯೆತ್ತಿದಳು. "ಎಲ್ಲಿಗೆ?"

"ಕೆರಿಗೆ, ಅತ್ತೀ."

"ವರದಾ ಇಲ್ಲಲ್ಲ. ಯಾರ ಜೋಡಿ?"

"ಯಾರ ಜೋಡಿನೂ ಇಲ್ರಿ."

"ಯಾರ ಸಲುವಾಗಿ ಮತ್ತ?"

ನನ್ನ ಹೊಟ್ಟೆಯ ಕಾಳುಗಳೆಲ್ಲ ಒಂದು ಮೂಲೆಗೆ ಸೇರಿಕೊಂಡವು. ಆಚೆ ತುದಿಯಲ್ಲಿ ಹುಡುಗಿ ಕೇಳಿಸಿಕೊಳ್ಳುತ್ತಿದ್ದಳು.

"ನನಗ ಓಡಬೇಕು ಅನಸ್ತೈತ್ರಿ," ಅಂದಳು ಕಸ್ತೂರಿ. "ಮೊದಲಿಂದಾನೂ ನನ್ನ ಸಲುವಾಗೇ ಓಡ್ತಿದ್ದೆ. ಹುಡುಗಿ ಹೆಸರ ಹೇಳ್ತಿದ್ದೆ."

ಸಾತವ್ವ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು. ಗೆಜ್ಜೆ ಕಟ್ಟಿದ ಸೊಸೆಯ ಕಾಲನ್ನು ನೋಡಿದಳು. 'ಅದೇನ್ ನನಗ ಗೊತ್ತಿರಲಿಲ್ಲೇನು' ಎಂಬಂತೆ ಕಂಡಿತು ಆ ನೋಟ. ಆದರೆ ಅದು ನನ್ನ ಅನುಮಾನವಷ್ಟೇ, ಪ್ರಮಾಣ ಮಾಡಲಾರೆ.

"ಬಾಗಲಾ ಎಳಕೊಂಡು ಹೋಗು," ಅಂದಳು. "ಆಡು ಒಳಗ ಬರ್ತೈತಿ."

ಅಂದು ನಾವು ಏರಿಯ ಮೇಲೆ ಬಿದ್ದೆವು ನೋಡಿ! ಕಸ್ತೂರಿ ಬರಿಮುಖದಲ್ಲಿ ಓಡಿದಳು. ಗಾಳದವನು ಗಾಳ ಬಿಟ್ಟು ಎದ್ದು ನಿಂತ. ಫೋನಿನೊಳಗಿನ ಹುಡುಗಿ ಅರ್ಧ ಏರಿಯವರೆಗೆ ನಮ್ಮ ಸದ್ದನ್ನೇ ಕೇಳಿದಳು. ಆಮೇಲೆ, "ಅವ್ವಾ, ಇವತ್ತ ಎಡಗಾಲ ಜೋರ ಬೀಳಾಕತ್ತೈತಿ, ಸಾವಕಾಶ" ಅಂದಳು. ಎಡಗಾಲೆಂದರೆ ನಾನು. ಹೆಮ್ಮೆಯಿಂದ ನನ್ನ ಒಂದು ಗೆಜ್ಜೆಯೇ ಕಿತ್ತು ಕೆರೆಗೆ ಹಾರಿತು.

ಓಟಕ್ಕೆ ಬೆಳ್ಳಿ ತಾಳುವುದಿಲ್ಲ. ವರ್ಷಗಳು ಉರುಳಿದಂತೆ ನಮ್ಮ ಕೊಂಡಿ ಸವೆದವು, ಬಾಯಿ ಸೀಳಿ ಕಾಳು ಉದುರಿದವು. ತಂಗಿಯ ಮಾತೂ ಕಡಿಮೆಯಾಯಿತು. ಒಂದು ದಿನ ಕಸ್ತೂರಿ ನಮ್ಮನ್ನು ಬಿಚ್ಚಿ, ಅಂಗೈಯಲ್ಲಿಟ್ಟು ನೋಡಿ, ಬಾಗಿಲ ಪಕ್ಕದ ಗೂಡಿನಲ್ಲಿ ಇಟ್ಟಳು. ಪತ್ತಾರನ ಹತ್ತಿರ ಒಯ್ದು ಹೊಸ ಕಾಳು ಹಾಕಿಸಬಹುದಿತ್ತು. ಹಾಕಿಸಲಿಲ್ಲ. ಸದ್ದು ಕೇಳಿ ಲೆಕ್ಕ ಹಿಡಿಯುವವರು ಆ ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಭಾನುವಾರ ಫೋನು ಬಂದರೂ ವರದಾ ಈಗ ಗೆಜ್ಜೆ ಕೇಳಿಸು ಅನ್ನುವುದಿಲ್ಲ, ಕಸ್ತೂರಿ ಆಡಿಸುವುದೂ ಇಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ನಂಬುತ್ತಾರೆ. ನಂಬಿಕೆ ಬಂದ ಮನೆಯಲ್ಲಿ ಚಾಡಿಕೋರರಿಗೆ ಏನು ಕೆಲಸ?

ಬಾಳೆಲ್ಲ ಕೆಳಗಿನಿಂದ ನೋಡಿದವಳು ನಾನು. ಈಗ ಗೂಡಿನಲ್ಲಿ ಕೂತು ಮೇಲಿನಿಂದ ನೋಡುತ್ತೇನೆ. ಸಾತವ್ವನ ಬೆಳ್ಳಗಾದ ಬೈತಲೆ ಕಾಣುತ್ತದೆ. ಚಿಲಕ ತೆಗೆಯುವ ಕಸ್ತೂರಿಯ ಕೈ ಕಾಣುತ್ತದೆ. ಅವಳು ಎಷ್ಟು ಹೊತ್ತಿಗೆ ಹೋಗುತ್ತಾಳೆ, ಯಾವ ದಾರಿ ಹಿಡಿಯುತ್ತಾಳೆ ಎಂದು ಕೇಳುವವರಿಲ್ಲ. ಅನುಮಾನ ಪಡುವವರು ಈ ಮನೆಯಲ್ಲಿ ನಾವಿಬ್ಬರೇ.

ಇವತ್ತು ಅವಳು ಮರಳಿದ್ದು ತಡವಾಗಿ. ಹಾಡು ಗುನುಗುತ್ತ ಬಂದು ಬೂಟು ಬಿಚ್ಚಿ ಗೂಡಿನ ಕೆಳಗೆ ಬಿಟ್ಟಳು. ಆನೆಕೆರೆಯ ಏರಿಯ ಮಣ್ಣು ಕರಿ. ಅದು ನನಗೆ ಹೊಟ್ಟೆಯೊಳಗಿನ ಕಾಳಿನಷ್ಟೇ ಗೊತ್ತು. ಬೂಟಿನ ತುಂಬ ಕೆಂಪು ಮಣ್ಣಿತ್ತು.

"ತಂಗೀ," ಅಂದೆ, "ಕೆಂಪು ಮಣ್ಣು ಎಷ್ಟು ದೂರದಲ್ಲಿರಬಹುದೇ?"